ನೆಲದೊಳಗಿಂದ ಬಂದ ಹದಿನೇಳು

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಇನ್ನೂ ಒಂದೆರಡು ವರ್ಷವಿತ್ತು. ನಾನು ಪುಣೆಯ ಕಾಲೇಜೊಂದರಲ್ಲಿ ಬಿ.ಎ. ಓದುತ್ತ, ಸದಾಶಿವ ಪೇಠೆಯ ಹಳೆಯ ವಾಡೆಯೊಂದರಲ್ಲಿ ಸೋದರಮಾವನ ಮನೆಯಲ್ಲಿದ್ದೆ. ಆ ಬೇಸಿಗೆ ರಜೆಗೆ ಧಾರವಾಡಕ್ಕೆ ಹೋಗಲಿಲ್ಲ. ಸುತ್ತಲಿನ ಕನ್ನಡ ಮನೆಗಳ ಮಕ್ಕಳಿಗಾಗಿ ಒಂದು ಆಟದ ಕೂಟ ನಡೆಸುತ್ತೇನೆಂದು ನಾನೇ ಒಪ್ಪಿಕೊಂಡಿದ್ದೆ.

ಮೇ ತಿಂಗಳೆಂದರೆ ಹೆಂಗಸರಿಗೆ ಹಪ್ಪಳ, ಸಂಡಿಗೆ, ಶ್ಯಾವಿಗೆಯ ತಿಂಗಳು. ಶಾಲೆಗಳಿಗೆ ರಜೆ. ಮಕ್ಕಳು ಬಿಸಿಲಿನಲ್ಲಿ ಗಲ್ಲಿ ಗಲ್ಲಿ ಸುತ್ತಿ, ಮೂಗಿನಲ್ಲಿ ರಕ್ತ ಸುರಿಸಿಕೊಂಡು ಮನೆಗೆ ಬರುತ್ತಿದ್ದವು. ಶುಕ್ರವಾರದ ಭಜನೆಗೆ ಸೇರಿದ್ದ ತಾಯಂದಿರು ಅದನ್ನೇ ಹೇಳಿ ಹೇಳಿ ಬೇಸತ್ತಾಗ, ಮಧ್ಯಾಹ್ನ ಎರಡರಿಂದ ಐದರವರೆಗೆ ಎಲ್ಲರನ್ನೂ ನಮ್ಮ ವಾಡೆಗೆ ಕಳಿಸಿರಿ ಎಂದೆ. ಮಾರನೆಯ ದಿನವೇ ಹದಿನೈದು ಮಕ್ಕಳು ಬಂದರು. ವಾರದೊಳಗೆ ಇಪ್ಪತ್ತೆರಡಾದರು.

ವಾಡೆಯೊಳಗೆ ಎರಡು ಅಂಗಳಗಳಿದ್ದವು. ಮುಂದಿನದು ದೊಡ್ಡದು, ಸುತ್ತ ಮೂರು ಕಡೆ ಕಂಬದ ಪಡಸಾಲೆ. ಹಿಂದಿನದು ಚಿಕ್ಕದು, ಅದರ ನಡುವೆ ಕಲ್ಲಿನ ನೀರುತೊಟ್ಟಿ; ಅದನ್ನು ಅಲ್ಲಿ ‘ಹೌದು’ ಎನ್ನುತ್ತಿದ್ದರು. ಪೇಶವೆಯವರ ಕಾಲದಲ್ಲಿ ಕಾತ್ರಜದ ಕೆರೆಯಿಂದ ಊರಿಗೆ ನೆಲದಡಿಯ ಸುರಂಗದಲ್ಲಿ ನೀರು ತಂದಿದ್ದರು. ಆ ಸುರಂಗದ ಒಂದು ಕವಲು ನಮ್ಮ ಗಲ್ಲಿಯ ಕೆಳಗೆ ಹರಿದು ಬಂದು ಈ ಹೌದನ್ನು ತುಂಬುತ್ತಿತ್ತು. ಮಧ್ಯಾಹ್ನ ಎಲ್ಲರೂ ಮಲಗಿದ ಹೊತ್ತಿನಲ್ಲಿ ಪಡಸಾಲೆಯ ಕಲ್ಲಿಗೆ ಕಿವಿಯಿಟ್ಟರೆ ಕೆಳಗೆ ಆ ನೀರಿನ ಸದ್ದು ಕೇಳುತ್ತಿತ್ತು. ಪಕ್ಕದ ಕೋಣೆಯಲ್ಲಿ ಯಾರೋ ಇಬ್ಬರು ತಗ್ಗಿದ ದನಿಯಲ್ಲಿ ಮಾತಾಡುತ್ತಿರುವಂತೆ. ಮೊದಲ ವರ್ಷ ನನಗೆ ಅದರಿಂದ ನಿದ್ದೆ ಬರುತ್ತಿರಲಿಲ್ಲ. ಆಮೇಲೆ ರೂಢಿಯಾಯಿತು.

ಮುಂದಿನ ಅಂಗಳ ಬೇಸಿಗೆಯಿಡೀ ವಾಡೆಯ ಒಡತಿಯ ವಶದಲ್ಲಿರುತ್ತಿತ್ತು. ಆಕೆ ಮರಾಠಿಯ ವಿಧವೆ ಮುದುಕಿ. ಎಲ್ಲರೂ ‘ಆಜಿ’ ಎನ್ನುತ್ತಿದ್ದೆವು. ಅಂಗಳದ ತುಂಬ ಹಳೆಯ ಸೀರೆ ಹಾಸಿ ಹಪ್ಪಳ ಹರವುತ್ತಿದ್ದಳು. ಕೋಲು ಹಿಡಿದು ಕಂಬಕ್ಕೆ ಒರಗಿ ಕೂರುತ್ತಿದ್ದಳು. ಮಡಿಯ ಹಪ್ಪಳ, ಯಾರೂ ಮುಟ್ಟುವಂತಿಲ್ಲ, ದಾಟುವಂತಿಲ್ಲ. “ಹಪ್ಪಳದ ಮೇಲೆ ಯಾರ ಕಾಲು ಬಿತ್ತೋ, ಆ ಕಾಲನ್ನೂ ಉಪ್ಪು ಖಾರ ಹಚ್ಚಿ ಇಲ್ಲೇ ಒಣಗಿಸ್ತೇನೆ” ಎಂದು ಮರಾಠಿಯಲ್ಲಿ ಮೊದಲ ದಿನವೇ ಹೇಳಿಬಿಟ್ಟಿದ್ದಳು. ಮಕ್ಕಳು ತಮ್ಮ ತಮ್ಮ ಕಾಲು ನೋಡಿಕೊಂಡು ನಕ್ಕವು. ಆದರೆ ಯಾರೂ ಅಂಗಳಕ್ಕೆ ಇಳಿಯಲಿಲ್ಲ.

ಹೀಗಾಗಿ ಮಕ್ಕಳನ್ನೆಲ್ಲ ಒಂದೆಡೆ ಕೂಡಿಸಿ ನಿಲ್ಲಿಸುವ ಜಾಗವೇ ನನಗಿರಲಿಲ್ಲ. ಮೂರು ಪಡಸಾಲೆಗಳಲ್ಲಿ, ಮಾಳಿಗೆಯ ಮೆಟ್ಟಿಲ ಮೇಲೆ, ತಲೆಬಾಗಿಲ ಕಟ್ಟೆಯ ಮೇಲೆ ಹರಡಿಕೊಂಡಿರುತ್ತಿದ್ದವು. ಕಂಬಗಳ ನಡುವೆ ಎಷ್ಟು ತಲೆಗಳಿವೆ ಎಂದು ಎಣಿಸುವುದು ಸಾಧ್ಯವಿರಲಿಲ್ಲ. ಅದಕ್ಕೆ ಒಂದು ಉಪಾಯ ಮಾಡಿದೆ. ಪ್ರತಿ ಮಗುವಿಗೂ ಒಂದು ಸಂಖ್ಯೆ. ನಾನು “ಎಣಿಕೆ!” ಎಂದು ಕೂಗಿದ ಕೂಡಲೇ ಎಲ್ಲಿದ್ದರೂ ಅಲ್ಲಿಂದಲೇ ಒಂದು, ಎರಡು, ಮೂರು ಎಂದು ಸಾಲಾಗಿ ಕೂಗಬೇಕು. ಕಣ್ಣಾಮುಚ್ಚಾಲೆಯಲ್ಲಿ ಅಡಗಿ ಕೂತವರೂ ಕೂಗಬೇಕು. ಇನ್ನೊಂದು ನಿಯಮ: ನಾನು ಬರೀ ಒಂದು ಸಂಖ್ಯೆಯನ್ನು ಕರೆದರೆ ಆ ಮಗು ಉತ್ತರ ಕೊಟ್ಟು, ದನಿ ಬಂದ ಕಡೆಗೆ ನಡೆದು ಬರಬೇಕು. ಹುಡುಕಿಕೊಂಡು ತಿರುಗುವ ಕೆಲಸ ನನಗಿಲ್ಲ.

ಈ ಉಪಾಯದ ಬಗ್ಗೆ ನನಗೆ ಹೆಮ್ಮೆಯಿತ್ತು. ಮಾಮಿ ಮಾತ್ರ ನಗುತ್ತಿದ್ದಳು.

“ಏನ ಎಣಸ್ತೀಯವಾ ದಿನಾ? ದನಾ ಕಾಯೋರೂ ಇಷ್ಟ ಎಣಸೂದಿಲ್ಲ.”

“ಮತ್ತ ಯಾರರ ತಪ್ಪಿಸಿಕೊಂಡರ ಅವರವ್ವಗ ಏನ ಹೇಳ್ಲಿ ಮಾಮಿ?”

“ತಪ್ಪಿಸಿಕೊಂಡಾಳ ಅಂತ ಹೇಳು. ಇಪ್ಪತ್ತೆರಡರಾಗ ಒಂದು ಹೋದರ ನನಗೂ ಒಂದು ಲೋಟ ಪಾನಕ ಉಳೀತದ.”

ಅವಳು ಹಾಗೆಯೇ ಮಾತಾಡುವವಳು. ದಿನವೂ ನಾಲ್ಕು ಗಂಟೆಗೆ ಮಾವಿನಕಾಯಿಯ ಪಾನಕ ಮಾಡಿ ಲೋಟಗಳನ್ನು ಸಾಲಾಗಿ ಇಡುತ್ತಿದ್ದವಳೂ ಅವಳೇ.

ಇಪ್ಪತ್ತಮೂರನೆಯ ಮಗು ಎರಡನೆಯ ವಾರ ಬಂತು. ನಮ್ಮ ಪೇಠೆಯಲ್ಲಿ ಉಡುಪಿಯ ಕಡೆಯವರದೊಂದು ಹೋಟೆಲಿತ್ತು. ಅದರ ಮಾಲೀಕರ ಮಗಳು, ಒಂಬತ್ತು ಹತ್ತು ವರ್ಷದವಳು, ಅಜ್ಜಿಯ ಮನೆಯಿಂದ ಹೊಸದಾಗಿ ಬಂದಿದ್ದಳು. ಒಂದು ಮಗು ಊರಿಗೆ ಹೋಗಿ ಹದಿನೇಳು ಖಾಲಿಯಾಗಿತ್ತು. ಅದನ್ನೇ ಇವಳಿಗೆ ಕೊಟ್ಟೆ. ಊರಿಗೆ ಹೋದ ಮಗು ಮರಳಿ ಬಂದಾಗ ಇಪ್ಪತ್ತಮೂರಾಯಿತು. ಹದಿನೇಳು ಇವಳಿಗೇ ಉಳಿಯಿತು.

ನಮ್ಮ ಧಾರವಾಡ, ಬೆಳಗಾವಿಯ ಮಕ್ಕಳಿಗೆ ಅವಳ ಮಾತು ತಮಾಷೆಯಾಗಿ ಕಂಡಿತು. ಅವಳು “ನನಗೆ ಆಟ ಬರ್ತದೆ, ಸ್ವಲ್ಪ ಹೆದರಿಕೆ ಉಂಟು” ಎಂದದ್ದೇ ತಡ, ಒಬ್ಬ ಹುಡುಗಿ “ಉಂಟೇನ? ಎಲ್ಲಿ ಉಂಟು? ತೋರಸು” ಎಂದು ಅವಳ ಲಂಗದ ಗಂಟು ಹುಡುಕಿದಳು. ಇನ್ನೊಬ್ಬಳು “ಏ, ಆಕೀನ ಕಾಡಬ್ಯಾಡ್ರೆ, ಅವರಪ್ಪ ದ್ವಾಸಿ ಕೊಡೂದಿಲ್ಲ ಮತ್ತ” ಎಂದಳು. ಅಂದಿನಿಂದ ಅವಳು ಮಾತಾಡುವುದನ್ನೇ ಬಿಟ್ಟಳು. ಎಣಿಕೆಯಲ್ಲಿ ಮಾತ್ರ ಅವಳ ದನಿ ಕೇಳುತ್ತಿತ್ತು. ಹದಿನಾರು ಆದ ಕೂಡಲೇ ಕಾದು ಕೂತಿದ್ದವಳಂತೆ, ತುಂಬು ಗಂಟಲಿನಿಂದ “ಹದಿನೇಳು!” ಎನ್ನುತ್ತಿದ್ದಳು. ಆ ಒಂದು ಮಾತಿಗೆ ಯಾರೂ ನಗುತ್ತಿರಲಿಲ್ಲ. ನನ್ನ ನಿಯಮಗಳನ್ನು ಅಷ್ಟು ಚಾಚೂ ತಪ್ಪದೆ ಪಾಲಿಸುತ್ತಿದ್ದ ಮಗು ಇನ್ನೊಂದಿರಲಿಲ್ಲ. ದಿನವೂ ತಡವಾಗಿ ಬರುತ್ತಿದ್ದಳು. ಮಧ್ಯಾಹ್ನದ ಊಟದ ಗಿರಾಕಿಗಳು ಹೋಗುವವರೆಗೂ ಅವಳಿಗೆ ಹೋಟೆಲಿನ ಅಡುಗೆಮನೆಯಲ್ಲಿ ಕಾಯಿ ತುರಿಯುವ ಕೆಲಸವಿರುತ್ತಿತ್ತು.

ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಹೌದು ತೊಳೆಸುವ ಪದ್ಧತಿ. ಆ ದಿನ ಬೆಳಿಗ್ಗೆ ಇಬ್ಬರು ಆಳುಗಳು ಬಂದು, ಗಲ್ಲಿಯ ಮೂಲೆಯಲ್ಲಿ ಕವಲು ಒಡೆಯುವ ಗುಂಡಿಯಲ್ಲಿ ಹಲಗೆ ಇಟ್ಟು, ಗೋಣಿ ತುರುಕಿ, ಜೇಡಿಮಣ್ಣು ಮೆತ್ತಿ ನೀರು ಕಟ್ಟಿದರು. ಹೌದನ್ನು ಬರಿದು ಮಾಡಿ, ಒಳಗಿಳಿದು, ಪಾಚಿ ಕೆರೆದು, ಸುಣ್ಣದ ನೀರು ಬಳಿದರು. “ಈ ಒಂದ ದಿವಸ ಹುಡುಗೂರು ಬ್ಯಾಡ. ಒಂದ ದಿವಸ ಆಡದಿದ್ದರ ಏನ ಆಗ್ತದ?” ಎಂದರು ಮಾಮಾ. ನಾನು ಕೇಳಲಿಲ್ಲ. ಹಿಂದಿನ ಅಂಗಳದ ಬಾಗಿಲಿಗೆ ಅಡ್ಡ ಹಗ್ಗ ಕಟ್ಟಿದೆ. ಎರಡು ಗಂಟೆಗೆ ಮಕ್ಕಳು ಬಂದಾಗ, ಹಗ್ಗ ದಾಟಿದವರಿಗೆ ಪಾನಕವಿಲ್ಲ ಎಂದು ಮೂರು ಸಲ ಹೇಳಿದೆ. ಎಲ್ಲರೂ ಹೂಂಗುಟ್ಟಿದರು. ಹದಿನೇಳು ಆಗ ಇನ್ನೂ ಬಂದಿರಲಿಲ್ಲ. ಮೂರಕ್ಕೆ ಬಂದಳು, ಆಗಲೇ ಕಣ್ಣಾಮುಚ್ಚಾಲೆ ನಡೆದಿತ್ತು. ಕೈಯಿಂದ ‘ಹೋಗು, ಅಡಗಿಕೋ’ ಎಂದು ಸನ್ನೆ ಮಾಡಿದೆ. ಅವಳಿಗೆ ನಾನು ಏನೂ ಹೇಳಲಿಲ್ಲ.

ಇಷ್ಟು ವರ್ಷವಾದರೂ ನನ್ನ ಆ ಕೈ ನನಗೆ ಕಾಣುತ್ತದೆ.

ಆ ಮಧ್ಯಾಹ್ನ ವಾಡೆಯಲ್ಲಿ ಏನೋ ಬೇರೆಯಾಗಿದೆ ಎಂದು ನನಗೆ ಆಗಾಗ ಅನಿಸುತ್ತಿತ್ತು, ಏನೆಂದು ತಿಳಿಯಲಿಲ್ಲ. ಆಮೇಲೆ ಹೊಳೆಯಿತು: ನೆಲದಡಿಯ ನೀರಿನ ಸದ್ದು ನಿಂತಿತ್ತು. ಅದು ನಿಂತ ಮೇಲೆ ಮನೆ ಕಿವಿಗೊಟ್ಟು ಕೂತಂತಿತ್ತು. ಒಂದು ಲೋಟ ಕೆಳಗಿಟ್ಟರೂ ಸದ್ದು ಎಲ್ಲಿಯೋ ಹೋಗಿ ಬರುತ್ತಿತ್ತು.

ಮೂರೂವರೆ ಇರಬಹುದು. ಆಳುಗಳಿಬ್ಬರೂ ಕೈಕಾಲು ತೊಳೆದುಕೊಂಡು ಮುಂದಿನ ಪಡಸಾಲೆಗೆ ಬಂದರು. ಹೌದಿನ ಕೆಲಸ ಮುಗಿಯಿತು, ಚಹಾ ಕುಡಿದು ನಾಲ್ಕರ ಮೇಲೆ ನೀರು ಬಿಡಲು ಮೂಲೆಗೆ ಹೋಗುತ್ತೇವೆ ಎಂದು ಹಿರಿಯವನು ಆಜಿಗೆ ಹೇಳಿದ. ಆಜಿ ತಲೆಯಾಡಿಸಿದಳು. ನಾನೂ ಕೇಳಿಸಿಕೊಂಡೆ.

ನಾಲ್ಕು ಗಂಟೆಗೆ ಮಾಮಿ ತಾಟು ಬಡಿದಳು. ಮಕ್ಕಳು ಮೂಲೆಮೂಲೆಗಳಿಂದ ಹೊರಬಿದ್ದು ಪಡಸಾಲೆಗಳಲ್ಲಿ ಸಾಲಾಗಿ ಕೂತು ಪಾನಕ ಕುಡಿದವು. ಮಾಮಿ ಖಾಲಿ ಲೋಟಗಳನ್ನು ಎತ್ತುತ್ತ ಬಂದಳು. ಕಿಟಕಿಯ ಕಟ್ಟೆಯ ಮೇಲೆ ಒಂದು ಲೋಟ ತುಂಬಿಯೇ ಇತ್ತು.

“ಇದ್ಯಾರದ? ಯಾರ ಕುಡದಿಲ್ಲ?”

ಪಾನಕ ಕುಡಿದು ಎಲ್ಲರ ಮೇಲ್ತುಟಿಯೂ ಹಳದಿಯಾಗಿತ್ತು.

“ಒಂದ ಹೆಚ್ಚಿಗಿ ಮಾಡೀರೇನು ಮಾಮಿ?”

“ಇಪ್ಪತ್ಮೂರ ಇಟ್ಟೇನಿ. ನಿನ್ನ ಹಂಗ ಬಿ.ಎ. ಕಲತಿರಲಿಕ್ಕಿಲ್ಲ ನಾ, ಲೋಟ ಎಣಸಾಕ ಬರ್ತದ.”

ನಾನು “ಎಣಿಕೆ!” ಎಂದೆ.

ಒಂದು, ಎರಡು, ಮೂರು. ದನಿಗಳು ಪಡಸಾಲೆಯಿಂದ ಪಡಸಾಲೆಗೆ ಓಡಿದವು. ಹದಿನಾಲ್ಕು, ಹದಿನೈದು, ಹದಿನಾರು. ಒಂದು ಉಸಿರಿನಷ್ಟು ತಡ. “ಹದಿನೇಳು.” ಆಮೇಲೆ ಹದಿನೆಂಟು, ಹತ್ತೊಂಬತ್ತು, ಇಪ್ಪತ್ತಮೂರರವರೆಗೂ ಸರಿಯಾಗಿ ಬಂತು.

“ಎಲ್ಲಾರೂ ಇದ್ದಾರ ಮಾಮಿ.”

“ಎಲ್ಲಾರೂ ಇದ್ದಾರ, ಲೋಟಾನೂ ಅದ” ಎಂದಳು ಮಾಮಿ. ಈ ಸಲ ಅವಳು ನಗಲಿಲ್ಲ.

ಆಗ ನಾನು ಹಿಂದೆಂದೂ ಮಾಡದಿದ್ದ ಕೆಲಸ ಮಾಡಿದೆ. ಹಪ್ಪಳದ ಸೀರೆಯ ಅಂಚಿನಲ್ಲಿ ಸುತ್ತು ಬಂದು ಒಂದೊಂದೇ ತಲೆ ಮುಟ್ಟಿ ಎಣಿಸಿದೆ. ಇಪ್ಪತ್ತೆರಡು. ಇನ್ನೊಮ್ಮೆ ಸುತ್ತಿದೆ. ಇಪ್ಪತ್ತೆರಡು. ಹದಿನಾರು ಮತ್ತು ಹದಿನೆಂಟು ಅಕ್ಕಪಕ್ಕ ಕೂತಿದ್ದರು. ಇಬ್ಬರ ನಡುವೆ ಯಾರೂ ಇರಲಿಲ್ಲ.

“ಹದಿನೇಳು ಅಂದಾವರ ಯಾರು? ಚ್ಯಾಷ್ಟಿ ಮಾಡೀರೇನು?”

“ನಾವಲ್ಲರೀ ಅಕ್ಕಾರ. ಆಕೀನ ಅಂದ್ಲು.”

“ಎಲ್ಲಿಂದ ಅಂದ್ಲು?”

ಇಬ್ಬರೂ ಬೇರೆ ಬೇರೆ ಕಡೆ ಕೈ ತೋರಿಸಿದರು. ಒಬ್ಬಳು ಮೆಟ್ಟಿಲ ಕೆಳಗೆ, ಇನ್ನೊಬ್ಬಳು ಅಡುಗೆಮನೆಯ ಕಡೆ.

ಇನ್ನೂ ಅಡಗಿ ಕೂತಿದ್ದಾಳೆ, ತಾಟಿನ ಸದ್ದು ಅವಳಿಗೆ ಕೇಳಿಸಿಲ್ಲ, ಅಷ್ಟೇ ಎಂದುಕೊಂಡೆ. ಮೆಟ್ಟಿಲ ಹತ್ತಿರ ನಿಂತು “ಹದಿನೇಳು!” ಎಂದು ಕರೆದೆ. “ಹದಿನೇಳು” ಎಂದು ಉತ್ತರ ಬಂತು. ಮೆಟ್ಟಿಲ ಕೆಳಗೆ ಸೌದೆಯಷ್ಟೇ ಇತ್ತು. ಅವಳು ಬರಲಿಲ್ಲ. ಮಾಳಿಗೆ ಹತ್ತಿ ನೋಡಿ ಬಂದು, ತಲೆಬಾಗಿಲ ಹತ್ತಿರ ಹೋಗಿ ಕರೆದೆ. ಉತ್ತರ ಬಂತು, ತುಸು ದೂರದಿಂದ. ಗಲ್ಲಿಗೆ ಇಳಿದಿರಬಹುದೆಂದು ಹೊರಗೆ ಹೋದೆ. ಬಿಸಿಲಿನಲ್ಲಿ ಗಲ್ಲಿ ಖಾಲಿಯಾಗಿತ್ತು. ನಾಲ್ಕು ಮನೆ ಆಚೆ, ನೆಲದಡಿಯ ನೀರಿಗೆ ಗಾಳಿ ಬರಲೆಂದು ಕಟ್ಟಿದ ಕಲ್ಲಿನ ಗೂಡು. ಅಲ್ಲಿಯವರು ಅದನ್ನು ಉಚ್ಛ್ವಾಸವೆನ್ನುತ್ತಿದ್ದರು. ಅದರ ಪಕ್ಕದಲ್ಲೇ ನಿಂತು ಗಟ್ಟಿಯಾಗಿ “ಹದಿನೇಳು!” ಎಂದು ಕೂಗಿದೆ. ಗಲ್ಲಿಯಲ್ಲಿ ಯಾರೂ ಉತ್ತರಿಸಲಿಲ್ಲ. ಓಡಿ ಒಳಗೆ ಬಂದರೆ ಮಕ್ಕಳು ಹೇಳಿದರು: “ಆಕಿ ಹದಿನೇಳು ಅಂದ್ಲರೀ ಅಕ್ಕಾರ. ಈಗ ಅಂದ್ಲು.”

ಪ್ರತಿ ಸಲ ಉತ್ತರ ಬರುತ್ತಿತ್ತು. ಪ್ರತಿ ಸಲ ಇನ್ನಷ್ಟು ದೂರವಾಗಿ. ಕರೆದ ಕಡೆಗೆ ಬರಬೇಕಾದ ಮಗು ಕರೆದಷ್ಟೂ ನನ್ನಿಂದ ದೂರ ಹೋಗುತ್ತಿತ್ತು.

ಮಕ್ಕಳು ಒಂದರ ಹತ್ತಿರ ಒಂದು ಸರಿದು ಕೂತಿದ್ದವು. ಅವುಗಳಲ್ಲಿ ಎಲ್ಲಕ್ಕಿಂತ ಚಿಕ್ಕದು, ಆರು ವರ್ಷದ ಹುಡುಗಿ, ಸೆಕೆಗೆ ದಿನವೂ ಮಾಡುವಂತೆ ತಣ್ಣನೆಯ ಕಲ್ಲಿಗೆ ಕೆನ್ನೆಯಿಟ್ಟು ಮಲಗಿತ್ತು. ತಲೆ ಎತ್ತದೆಯೇ ಹೇಳಿತು: “ಅಕ್ಕಾರ, ಆಕಿ ನೆಲದಾಗ ಅದಾಳ.”

“ಏ ಹುಚ್ಚಿ, ಸುಮ್ನಿರ” ಎಂದು ಯಾರೋ ಗದರಿದರು.

“ಖರೇನ. ಹರಕೋತ ಹೊಂಟಾಳ. ಬಳಿ ಸಪ್ಪಳಾ ಕೇಳಸ್ತದ.”

ನಾನೂ ಮಲಗಿ ಕಲ್ಲಿಗೆ ಕಿವಿಯಿಟ್ಟೆ. ದಿನವೂ ನೀರು ಮಾತಾಡುತ್ತಿದ್ದ ಜಾಗದಲ್ಲಿ ಗಾಜಿನ ಬಳೆಗಳು ಕಲ್ಲಿಗೆ ತಾಗುವ ಸದ್ದು. ಟಿಕ್, ಟಿಕ್. ನಿಂತು, ಮತ್ತೆ ಟಿಕ್, ಟಿಕ್.

ಹಗ್ಗ ದಾಟಿ ಹಿಂದಿನ ಅಂಗಳಕ್ಕೆ ಹೇಗೆ ಹೋದೆನೋ ನೆನಪಿಲ್ಲ. ಹೌದಿನೊಳಗೆ ಇಳಿಯುವ ಮೆಟ್ಟಿಲುಗಳ ಮೇಲೆ, ತಳದ ಹಸಿ ಸುಣ್ಣದ ಮೇಲೆ ಪುಟ್ಟ ಹೆಜ್ಜೆಗಳಿದ್ದವು. ಹೆಜ್ಜೆಗಳು ನೇರವಾಗಿ ಹೋಗಿ ಗೋಡೆಯಡಿಯ ಕಮಾನಿನ ಹತ್ತಿರ ಮುಗಿದಿದ್ದವು. ನೀರು ಬರುವ ಕಂಡಿ ಅದು, ಮೊಣಕಾಲೆತ್ತರದ್ದು. ಹೌದು ತುಂಬಿದ್ದಾಗ ನಾವ್ಯಾರೂ ಅದನ್ನು ನೋಡಿದ್ದೇ ಇಲ್ಲ. ಹೆಜ್ಜೆಗಳು ಮುಗಿದಲ್ಲಿ ಎರಡು ಅಂಗೈಗಳ ಗುರುತು. ಹೊರಬಂದ ಗುರುತು ಒಂದೂ ಇರಲಿಲ್ಲ.

ಆಳುಗಳು ಅಲ್ಲಿರಲಿಲ್ಲ. ಚಹಾದ ಬಟ್ಟಲುಗಳು ಮೆಟ್ಟಿಲ ಮೇಲೆ ಬೋರಲಾಗಿದ್ದವು.

“ಮಾಮಿ!” ಎಂದು ಕಿರುಚಿದೆ. “ನೀರ ಬಿಡಾಕ ಹೋಗ್ಯಾರ! ಮೂಲಿಗೆ ಓಡ್ರಿ, ಬಿಡಬ್ಯಾಡ್ರಿ ಅನ್ರಿ, ಕೂಸು ಒಳಗದ!”

ಮಾಮಿ ಎರಡನೆಯ ಮಾತು ಕೇಳಲಿಲ್ಲ. ಕೈಯಲ್ಲಿದ್ದ ಲೋಟಗಳು ನೆಲಕ್ಕೆ ಬಿದ್ದವು. ಸೆರಗು ಹೊದೆಯದೆ ಹೊಸ್ತಿಲು ದಾಟದ ಹೆಂಗಸು, ಬರಿಗಾಲಿನಲ್ಲಿ, ಸೀರೆಯ ನೆರಿಗೆ ಎತ್ತಿ ಹಿಡಿದು, ಅಡ್ಡಲಾಗಿ ಮುಂದಿನ ಅಂಗಳವನ್ನು ದಾಟಿದಳು. ಹಪ್ಪಳಗಳು ಮುರಿಯುವ ಸದ್ದು ಹಿಂದಿನ ಅಂಗಳಕ್ಕೂ ಕೇಳಿಸಿತು. ಆಜಿ ಕೋಲು ಎತ್ತಲಿಲ್ಲವಂತೆ.

ನಾನು ಹೌದಿಗೆ ಇಳಿದು ಕಂಡಿಯ ಮುಂದೆ ಮಂಡಿಯೂರಿದೆ. ಒಳಗಿನಿಂದ ತಂಪು ಗಾಳಿ ಮುಖಕ್ಕೆ ಬಡಿಯಿತು. ಹೆಗಲು ತೂರಿಸಲು ನೋಡಿದೆ, ಆಗಲಿಲ್ಲ. “ಹದಿನೇಳು!” ಎಂದು ಕೂಗಿದೆ. ನನ್ನ ದನಿ ಒಳಗೆ ಓಡಿಹೋಯಿತು. ಎಲ್ಲೋ ಮುಂದೆ, ಬಹಳ ಮುಂದೆ ಹೋಗಿ, ಅಲ್ಲಿಂದ ಯಾರೋ ಇತ್ತ ಮುಖ ಮಾಡಿ ಕರೆದಂತೆ ‘ಹದಿನೇಳು’ ಎಂದು ತಿರುಗಿ ಬಂತು. ಅದರ ಹಿಂದೆಯೇ ಮಗುವಿನ ದನಿ. ಬಳೆಗಳ ಸದ್ದು ಮತ್ತೆ ಶುರುವಾಯಿತು, ಆಚೆಯ ಕಡೆಗೆ.

ಆಗ ತಿಳಿಯಿತು. ಕತ್ತಲಲ್ಲಿ ಅವಳಿಗೆ ನನ್ನ ದನಿ ಮುಂದಿನಿಂದ ಕೇಳಿಸುತ್ತಿತ್ತು. ತಲೆಬಾಗಿಲಿನಿಂದ, ಗಲ್ಲಿಯಿಂದ ನಾನು ಕೂಗಿದ್ದೆಲ್ಲ ಆ ಕಲ್ಲಿನ ಗೂಡಿನೊಳಗೆ ಇಳಿದು ಅವಳ ಎದುರಿನಿಂದ ಬಂದಿತ್ತು. ದನಿ ಬಂದ ಕಡೆ ಬರಬೇಕು ಎಂದು ನಾನೇ ಕಲಿಸಿದ್ದೆ. ಅವಳು ಬರುತ್ತಿದ್ದಳು. ಗಲ್ಲಿಯ ಮೂಲೆಯ ಹಲಗೆಯ ಕಡೆಗೆ, ನೀರಿನ ಬಾಯಿಗೆ, ನಾನೇ ಅವಳನ್ನು ಕರೆದುಕೊಂಡು ಹೋಗುತ್ತಿದ್ದೆ.

ಎದ್ದು, ಬಾಗಿಲಲ್ಲಿ ಗುಂಪುಗೂಡಿದ್ದ ಮಕ್ಕಳಿಗೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿದೆ. “ಯಾರೂ ಪಿಟ್ಟಂತ ಅನಬ್ಯಾಡ್ರಿ. ಉಸುರೂ ಗಟ್ಟಿಯಾಗಿ ಬಿಡಬ್ಯಾಡ್ರಿ.” ಇಪ್ಪತ್ತೆರಡು ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದು ನಿಂತವು.

ಕೂಗುವ ಹಾಗಿಲ್ಲ, ಒಳಗೆ ಹೋಗುವ ಹಾಗಿಲ್ಲ. ಏನು ಮಾಡಲಿ? ಕಂದೀಲು ತರಿಸಿ ಹಚ್ಚುವಷ್ಟು ಹೊತ್ತಿರಲಿಲ್ಲ. ಹಿಂದಿನ ಅಂಗಳದ ಗೋಡೆಯ ಮೇಲೆ ಮಾಮಾ ಗಡ್ಡ ಹೆರೆದುಕೊಳ್ಳುವ ಕನ್ನಡಿ ನೇತಾಡುತ್ತಿತ್ತು. ಕೈ ಮಾಡಿ ತೋರಿಸಿದೆ; ಮಕ್ಕಳಲ್ಲಿ ಉದ್ದನೆಯ ಹುಡುಗಿ ಅದನ್ನು ಬಿಚ್ಚಿ ತಂದುಕೊಟ್ಟಳು. ಹೌದಿನ ಅರ್ಧದಷ್ಟು ತಳದಲ್ಲಿ ಇಳಿಬಿಸಿಲು ಬಿದ್ದಿತ್ತು. ಅಲ್ಲಿ ಕೂತು ಕನ್ನಡಿ ಓರೆ ಮಾಡಿ ಬಿಸಿಲನ್ನು ಕಂಡಿಯೊಳಗೆ ಬಿಟ್ಟೆ. ಬೆಳಕು ಗೋಡೆ ಹತ್ತಿತು, ಇಳಿಯಿತು, ಕೊನೆಗೆ ಕಮಾನಿನೊಳಗೆ ಹೋಗಿ ನಿಂತಿತು. ಹಸಿರುಗಟ್ಟಿದ ಕಲ್ಲು ಅಷ್ಟು ದೂರ ಕಂಡು, ಆಮೇಲೆ ದಾರಿ ತುಸು ಹೊರಳಿ ಕಾಣದಾಯಿತು.

ಮನೆಯಿಡೀ ಮೌನ. ಯಾರೂ ಮಾತಾಡುತ್ತಿಲ್ಲ, ಯಾರೂ ಕರೆಯುತ್ತಿಲ್ಲ.

“ಹದಿನೇಳು” ಎಂದಿತು ಒಳಗಿನ ದನಿ.

ಮಕ್ಕಳು ನನ್ನ ಮುಖ ನೋಡಿದವು. ನಾನು ಕನ್ನಡಿ ಅಲುಗದಂತೆ ಹಿಡಿದುಕೊಂಡೆ. ಸ್ವಲ್ಪ ಹೊತ್ತು ಬಿಟ್ಟು, ಯಾರೋ ಮತ್ತೆ ಕೇಳಿದ್ದಕ್ಕೆ ಹೇಳಿದಂತೆ, ಇನ್ನೊಮ್ಮೆ ಹೇಳಿತು: “ಹದಿನೇಳು. ಬಂದೆ.”

ಅವಳು ಯಾರಿಗೆ ಉತ್ತರ ಕೊಡುತ್ತಿದ್ದಾಳೆ? ನನ್ನ ಬಾಯಿಯವರೆಗೆ ಬಂದ ಕೂಗನ್ನು ಹಲ್ಲು ಕಚ್ಚಿ ತಡೆದೆ. ಎಷ್ಟು ಹೊತ್ತೋ ತಿಳಿಯದು. ಬೆವರು ಕಣ್ಣಿಗೆ ಇಳಿದು ಉರಿಯುತ್ತಿತ್ತು, ಒರೆಸಿಕೊಂಡರೆ ಬೆಳಕು ಅಲುಗುತ್ತದೆ. ಹಾಗೆಯೇ ಕೂತೆ. ಆಮೇಲೆ ಬಳೆಯ ಸದ್ದು ನಿಂತಿತು. ನಿಂತೇ ಇತ್ತು. ಮತ್ತೆ ಶುರುವಾದಾಗ ಅದು ಇತ್ತ ಬರುತ್ತಿದೆಯೋ ಅತ್ತ ಹೋಗುತ್ತಿದೆಯೋ ತಿಳಿಯಲಿಲ್ಲ. ನಿಧಾನವಾಗಿ, ಬಹಳ ನಿಧಾನವಾಗಿ, ಟಿಕ್ ಎನ್ನುವುದು ಟಣ್ ಎಂದಾಯಿತು.

ಅವಳಿಗಿಂತ ಮೊದಲು ಬಂದದ್ದು ನೀರು. ಬೆರಳಗಲದ ಒಂದು ಗೆರೆ, ಕೆಂಪು ಮಣ್ಣು ಬೆರೆತದ್ದು, ಕನ್ನಡಿಯ ಬೆಳಕಿನಲ್ಲಿ ಹೊಳೆಯುತ್ತ ಕಂಡಿಯಿಂದ ಇಳಿದು ನನ್ನ ಪಾದದ ಸುತ್ತ ಹರಡಿತು. ಮೂಲೆಯಲ್ಲಿ ಹಲಗೆ ಕದಲಿತ್ತು.

ಗೆರೆ ಅಂಗೈಯಗಲವಾಯಿತು. ಆಮೇಲೆ ಇಡೀ ಕಂಡಿಯಗಲ. ಕನ್ನಡಿ ಬಿಸುಟು, ತೋಳು ಭುಜದವರೆಗೆ ಒಳಗೆ ಚಾಚಿದೆ. ತಣ್ಣನೆಯದೇನೋ ನನ್ನ ಬೆರಳುಗಳನ್ನು ಹಿಡಿದುಕೊಂಡಿತು. ಎಳೆದೆ. ಮೊದಲು ಕೈ, ಆಮೇಲೆ ಕೂದಲು, ಸುಣ್ಣ ಮೆತ್ತಿದ ಹಣೆ. ನೀರಿನೊಡನೆ ಜಾರಿ ಅವಳು ನನ್ನ ಮಡಿಲಿಗೆ ಬಿದ್ದಳು. ಎತ್ತಿಕೊಂಡು ಮೆಟ್ಟಿಲು ಹತ್ತುವಷ್ಟರಲ್ಲಿ ನೀರು ನನ್ನ ಮೀನಖಂಡದವರೆಗೆ ಬಂದಿತ್ತು. ಅಲ್ಲಿಗೆ ನಿಂತಿತು.

ಮಾಮಿ ಮೂಲೆ ಮುಟ್ಟಿದಾಗ ಆಳು ಆಗಲೇ ಗೋಣಿ ಕಿತ್ತು ಹಲಗೆಯನ್ನು ಅರ್ಧ ಎತ್ತಿದ್ದನಂತೆ. ಅವಳ ಕನ್ನಡವೂ ಅವನಿಗೆ ತಿಳಿಯಲಿಲ್ಲ, ಆ ಹೊತ್ತಿನಲ್ಲಿ ಅವಳಿಗೆ ಮರಾಠಿಯೂ ಬರಲಿಲ್ಲ. ಮುಖ ನೋಡಿಯೇ ಅವನಿಗೆ ಅರ್ಥವಾಗಿತ್ತು. ಹಲಗೆ ಮತ್ತೆ ಕೂರಲಿಲ್ಲ. ಅವನೇ ಗುಂಡಿಗೆ ಇಳಿದು ನೀರಿಗೆ ಬೆನ್ನು ಅಡ್ಡ ಕೊಟ್ಟು ಕೂತುಬಿಟ್ಟನಂತೆ. ಇನ್ನೊಬ್ಬ ಗೋಣಿ ತುರುಕುವವರೆಗೂ ಹಾಗೆಯೇ ಕೂತಿದ್ದ. ಸಂಜೆ ಅವನು ವಾಡೆಗೆ ಬಂದು, ಒದ್ದೆ ಬಟ್ಟೆಯಲ್ಲೇ ಬಾಗಿಲಲ್ಲಿ ನಿಂತು, ಮಗುವನ್ನು ಒಮ್ಮೆ ನೋಡಬೇಕು ಎಂದ. ನೋಡಿ ಹೋದ.

ಹದಿನೇಳನೆಯವಳ ಮೊಣಕಾಲು, ಮೊಣಕೈ ತರಚಿದ್ದವು. ಇನ್ನೇನೂ ಆಗಿರಲಿಲ್ಲ. ಅವಳ ತಾಯಿ ಬಂದು ಮಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ನನ್ನ ಕಡೆ ನೋಡಿದರು. ಬೈಯುತ್ತಾರೆಂದು ಕಾದೆ. “ಇವಳನ್ನು ಎಂತಕ್ಕೆ ಒಳಗೆ ಬಿಟ್ಟದ್ದು ನೀವು?” ಎಂದಷ್ಟೇ ಕೇಳಿದರು. ಕೂಟ ಅಂದಿಗೇ ಮುಗಿಯಿತು. ಯಾರೂ ಮುಗಿಸು ಎನ್ನಲಿಲ್ಲ. ಮಾರನೆಯ ದಿನ ಎರಡು ಗಂಟೆಗೆ ಯಾರೂ ಬರಲಿಲ್ಲ, ನಾನೂ ಬಾಗಿಲು ತೆರೆಯಲಿಲ್ಲ.

ನಾಲ್ಕೈದು ದಿನ ಬಿಟ್ಟು ಹೋಟೆಲಿಗೆ ಹೋದೆ. ಹಿಂದಿನ ಅಡುಗೆಮನೆಯಲ್ಲಿ ಅವಳು ಈಳಿಗೆಮಣೆಯ ಮೇಲೆ ಕೂತು ಕಾಯಿ ತುರಿಯುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು. ತಪ್ಪು ಮಾಡಿದವಳು ತಾನೇ ಎಂಬಂತೆ ಮುಖ ಸಣ್ಣದಾಗಿತ್ತು.

“ಒಳಗೆ ಹೆದರಿಕೆ ಆಗಲಿಲ್ಲವಾ?” ಎಂದು ಅವಳ ರೀತಿಯಲ್ಲಿಯೇ ಕೇಳಿದೆ.

“ಮೊದಲು ಆಗಲಿಲ್ಲ ಅಕ್ಕಾ. ಚಂದ ಜಾಗ, ಯಾರಿಗೂ ಸಿಗುವುದಿಲ್ಲ ಅಂತ ಹೋದದ್ದು. ಮತ್ತೆ ನೀವು ಕರೆದ್ರಲ್ಲ, ಅದಕ್ಕೆ ಮುಂದೆ ಹೋದೆ.”

“ನಾನು ಎಷ್ಟು ಸಲ ಕರೆದೆ?”

ಅವಳು ಬೆರಳು ಮಡಚಿ ಲೆಕ್ಕ ಹಾಕಿದಳು. ಒಂದು ಕೈ ಮುಗಿದು ಇನ್ನೊಂದಕ್ಕೆ ಹೋಯಿತು. “ತುಂಬಾ ಸಲ. ಕಡೆಗೆ ಕಡೆಗೆ ಮೆಲ್ಲಗೆ ಕರೆದ್ರಿ. ಹತ್ತಿರ ಬಂದೆ ಅಂತ ಮೆಲ್ಲಗೆ ಕರೆಯುವುದು ಅಂತ ಗ್ರಹಿಸಿದೆ ನಾನು.”

“ಏನಂತ ಕರೆದೆ?”

“ಬಾ ಅಂದ್ರಿ. ಬಾ ಮಗಾ, ಇನ್ನು ಸ್ವಲ್ಪ ಉಂಟು, ಬಾ ಅಂದ್ರಿ. ಅಷ್ಟರಲ್ಲಿ ಹಿಂದಿನಿಂದ ಬೆಳಕು ಬಂತು. ಯಾವ ಕಡೆ ಹೋಗಬೇಕಂತ ಗೊತ್ತಾಗಲಿಲ್ಲ, ಸ್ವಲ್ಪ ಹೊತ್ತು ಅಲ್ಲೇ ಕೂತೆ.”

ನಾನು ಕರೆದದ್ದು ನಾಲ್ಕು ಸಲ, ಬರೀ ಸಂಖ್ಯೆ. ಬಾ ಎಂದು ಒಂದು ಸಲವೂ ಅಂದಿರಲಿಲ್ಲ. ‘ಉಂಟು’ ಎನ್ನುವ ಮಾತು ನನ್ನ ಬಾಯಲ್ಲಿ ಬರುವುದೂ ಇಲ್ಲ. ಅವಳಿಗೆ ಇದೊಂದನ್ನೂ ಹೇಳಲಿಲ್ಲ. ಹೌದು, ನಾನೇ ಕರೆದೆ ಎಂದೆ. ಅವಳಿಗೆ ಸಮಾಧಾನವಾಯಿತು, ಮತ್ತೆ ಕೂತು ಕಾಯಿ ತುರಿಯತೊಡಗಿದಳು.

ಓದಿದ ಮನಸ್ಸು ಕಾರಣ ಹುಡುಕುತ್ತದೆ. ಕತ್ತಲು, ಗಾಳಿ, ಹೆದರಿದ ಮಗು. ಒಂದು ದನಿ ಹತ್ತಾಗಿ ಕೇಳಿರಬಹುದು. ಅಜ್ಜಿಯ ಮನೆಯ ಮಾತು ಕಿವಿಯಲ್ಲಿ ತಾನಾಗಿ ಎದ್ದಿರಬಹುದು. ಇಲ್ಲವೇ ಕಲ್ಲಿನ ಗೂಡಿನ ಹತ್ತಿರ ಯಾವುದೋ ತಾಯಿ ತನ್ನ ಕೂಸನ್ನು ಕರೆಯುತ್ತಿದ್ದಿರಬಹುದು; ಕರಾವಳಿಯವರದು ಆ ಗಲ್ಲಿಯಲ್ಲಿ ಇನ್ನೊಂದು ಮನೆಯಿತ್ತೋ ಏನೋ. ಆ ಸಂಜೆ ಹೋಟೆಲಿನಿಂದ ತಿರುಗಿ ಬರುವಾಗ ಅದೇ ಗೂಡಿನ ಪಕ್ಕದ ಕಟ್ಟೆಯ ಮೇಲೆ ಇಬ್ಬರು ಹೆಂಗಸರು ಕೂತು ಅಕ್ಕಿ ಆರಿಸುತ್ತಿದ್ದರು. ಅವತ್ತು ಮಧ್ಯಾಹ್ನ ಇಲ್ಲಿ ಯಾರಾದರೂ ಮಗುವನ್ನು ಕರೆಯುತ್ತಿದ್ದರೇ ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ನನ್ನನ್ನು ಕಂಡು ಒಬ್ಬಳು ನಕ್ಕಳು ಕೂಡ. ನಾನು ನಿಂತೆ. ಹೌದು ಎಂದರೆ ಎಲ್ಲ ಮುಗಿಯಿತು. ಇಲ್ಲ ಎಂದರೆ?

ಕೇಳಲಿಲ್ಲ. ಜೂನಿನಲ್ಲಿ ಕಾಲೇಜು ತೆರೆಯಿತು. ಆ ಗಲ್ಲಿಯಿಂದ ಹೋದರೆ ಕಾಲೇಜಿನ ದಾರಿ ಹತ್ತಿರ. ನಾನು ಓದು ಮುಗಿಯುವವರೆಗೂ ಪೇಠೆಯನ್ನು ಬಳಸಿ ಹೋದೆ. ಹದಿನೇಳನೆಯವಳು ಆಗಾಗ ತಂದೆಯ ಹೋಟೆಲಿನ ಬಾಗಿಲಲ್ಲಿ ನಿಂತಿರುತ್ತಿದ್ದಳು. ನನ್ನನ್ನು ಕಂಡರೆ ಕೈ ಎತ್ತುತ್ತಿದ್ದಳು. ಅವಳಿಗೊಂದು ಹೆಸರಿತ್ತು. ದೂರದಿಂದ ಅದನ್ನು ಕೂಗಿ ಕರೆಯಲು ನನಗೆ ಧೈರ್ಯ ಬರುತ್ತಿರಲಿಲ್ಲ; ರಸ್ತೆ ದಾಟಿ ಹತ್ತಿರ ಹೋಗಿ, ಅವಳ ತಲೆ ಮುಟ್ಟಿ ಮಾತಾಡಿಸುತ್ತಿದ್ದೆ.